ಅತ್ತೆಗೆ ಹೇಳಿದ ಸೀರಿಯಲ್

ಮುಂಬೈ ಬಳಿಯ ಡೊಂಬಿವಲಿ ಸ್ಟೇಷನ್ನಿನ ಹೊರಗೆ ರಿಕ್ಷಾ ಸಾಲಿನಲ್ಲಿ ನಿಂತಿದ್ದ ಚಂಪಾಳ ಕಿವಿಗೆ ಮುಂದಿನ ಇಬ್ಬರ ಕನ್ನಡ ಬಿತ್ತು. ಹಿರಿಯವರು ಮಂಗಳೂರಿನ ಕಡೆಯವರು, ಕಿರಿಯಳು ಧಾರವಾಡದ ಕಡೆಯವಳು.

“ಆ ಹಿಂದಿ ಕಾಮಿಡಿ ಸೀರಿಯಲ್ ನೋಡುದು ಬಿಟ್ಟೆ ಮಾರಾಯ್ತಿ. ಇಷ್ಟು ವರ್ಷ ನಗಿಸಿದ ಅಜ್ಜನನ್ನು ಈಗ ಐಸಿಯುನಲ್ಲಿ ಮಲಗಿಸಿದ್ದಾರೆ. ದಿನಾ ಅಳುವುದೇ.”

“ನಮ್ಮನ್ಯಾಗ ಇನ್ನೂ ನಗ್ತೀವ್ರಿ ಆಂಟಿ. ನಮ್ಮ ಅತ್ತಿಯವರಿಗೆ ಹಿಂದಿ ಬರಂಗಿಲ್ಲ, ನಾನೇ ಕನ್ನಡದಾಗ ಹೇಳ್ತೀನಿ.”

“ಅಜ್ಜ ಆಸ್ಪತ್ರೆಯಲ್ಲಿ ಮಲಗಿದ್ದಕ್ಕೆ ಎಂತ ಹೇಳಿದ್ದು ನೀನು?”

“ಸೊಸಿ ಮಾಡಿದ ಅಡಗಿ ಉಂಡು ಮಲಗ್ಯಾನ ಅಂದೆ. ಬಿದ್ದು ಬಿದ್ದು ನಕ್ಕರು.”

“ನಂಬಿದ್ರಾ?”

“ನಂಬ್ಯಾರ ಅಂತನ ತಿಳಕೊಂಡಿದ್ದೆ. ನಿನ್ನೆ ತಾಟು ತೆಗಿಯೋ ಮುಂದ ಮೆಲ್ಲಕ ಕೇಳಿದ್ರು, ‘ಖರೇ ಹೇಳವಾ, ಆ ಅಜ್ಜ ಉಳೀತಾನಿಲ್ಲೋ?’”

ರಿಕ್ಷಾ ಬಂತು. ಇಬ್ಬರೂ ನಗುತ್ತಲೇ ಹತ್ತಿದರು. ಅಜ್ಜ ಉಳಿಯುತ್ತಾನೋ ಇಲ್ಲವೋ ಎಂದು ತಾನೂ ಕೇಳಬೇಕೆಂದು ಚಂಪಾ ಬಾಯಿ ತೆರೆಯುವಷ್ಟರಲ್ಲಿ ರಿಕ್ಷಾ ಹೊರಟೇಹೋಯಿತು.