ಎದುರಾಳಿಯ ಹೂಂ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡಿದರೆ ಮುಂದಿನದೆಲ್ಲ ನಿಮಗೆ ಗೊತ್ತು. ಅವನಿಗೆ ಕೊನೆಗೆ ಬುದ್ಧಿ ಬರುತ್ತದೆ, ನೀವು ಎದ್ದು ಪ್ರಸಾದಕ್ಕೆ ಹೋಗುತ್ತೀರಿ. ಅದಕ್ಕೇ ಇವತ್ತು ಶ್ರೀಮಂತ ಬೇಡ. ಇವತ್ತಿನವರು ಒಬ್ಬ ಪಂಡಿತರು. ಅವರಿಗೆ ಬುದ್ಧಿ ಮೊದಲೇ ಬಂದುಬಿಟ್ಟಿತ್ತು. ತೊಂದರೆ ಆದದ್ದೇ ಅದರಿಂದ.

ಹೆಸರು ಶ್ರೀಪತಿರಾಯರು ಎಂದಿಟ್ಟುಕೊಳ್ಳಿ. ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದರು. ಮನಸ್ಸಿನ ಡಾಕ್ಟರರು ಒಬ್ಬೊಬ್ಬರ ಮನಸ್ಸು ನೋಡುತ್ತಾರೆ. ಇವರು ಇಡೀ ದೇಶದ ಮನಸ್ಸು ನೋಡಲು ಹೊರಟವರು. ಜನ ಒಬ್ಬ ನಾಯಕನ ಹಿಂದೆ ಕಣ್ಣುಮುಚ್ಚಿ ಯಾಕೆ ಹೋಗುತ್ತಾರೆ? ನಿನ್ನೆ ಹೆಪ್ಪಿಗೆ ಮೊಸರು ತಂದ ಮನೆಗೇ ಇವತ್ತು ಕಲ್ಲು ಯಾಕೆ ಎಸೆಯುತ್ತಾರೆ? ನಮ್ಮನ್ನು ಆಳಿದ ಪರದೇಶದವರು ಗಂಟುಮೂಟೆ ಕಟ್ಟಿಕೊಂಡು ಹೋದರು ಸರಿ. ಆದರೂ ಅವರ ಕಣ್ಣಿನಿಂದಲೇ ನಮ್ಮ ಅಜ್ಜಿಯನ್ನು ನೋಡಿ ನಾವು ನಾಚಿಕೊಳ್ಳುತ್ತೇವಲ್ಲ, ಯಾಕೆ? ಇಂಥದ್ದನ್ನೆಲ್ಲ ಕೇಳುತ್ತ ಪುಸ್ತಕ ಬರೆದರು, ಪತ್ರಿಕೆಗೆ ಬರೆದರು, ಎಡದವರಿಂದಲೂ ಬಲದವರಿಂದಲೂ ಬೈಸಿಕೊಂಡರು. ಬೈಸಿಕೊಂಡಾಗ ನಗುತ್ತಿದ್ದರು. ಒಳ್ಳೆಯ ಮನುಷ್ಯ, ನೋಡಿ. ನಿಜವಾಗಿ ಒಳ್ಳೆಯ ಮನುಷ್ಯ.

ಅವರ ತರಗತಿಯಲ್ಲಿ ಒಂದು ಪದ್ಧತಿ ಇತ್ತು. ಯಾರೊಡನೆಯಾದರೂ ವಾದ ಮಾಡಬೇಕೇ? ಮಾಡಿ. ಆದರೆ ಮೊದಲು ಎದುರಿನವನ ಮಾತನ್ನು ನೀವೇ ನಿಮ್ಮ ಬಾಯಿಂದ ಹೇಳಬೇಕು. ಹೇಗೆ ಹೇಳಬೇಕು? ಅದನ್ನು ಕೇಳಿ ಅವನು "ಹೂಂ, ನಾನು ಹೇಳೋದು ಇದೇ" ಅನ್ನಬೇಕು. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟದಿದ್ದರೆ ಕಥೆ ಮುಂದೆ ಹೋಗುತ್ತಿತ್ತೇ? ಹಾಗೇ ಇಲ್ಲಿ ಎದುರಾಳಿ ಹೂಂ ಅನ್ನದಿದ್ದರೆ ವಾದ ಮುಂದೆ ಹೋಗುವಂತಿಲ್ಲ. ಎಷ್ಟೋ ಜಗಳಗಳು ಆ ಹೂಂ ಹತ್ತಿರವೇ ಮುಗಿದುಹೋಗುತ್ತಿದ್ದವು.

ಈ ಪಂಡಿತರಿಗೆ ಒಬ್ಬ ಗೆಳೆಯರು, ಎಂಜಿನಿಯರ್ ಕಲ್ಲಪ್ಪನವರು. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಹಳ್ಳಿಹಳ್ಳಿಗೆ ನಲ್ಲಿ ನೀರು ಕೊಟ್ಟ, ಊರಲ್ಲಿ ಮನೆಮನೆಗೆ ನೀರಿನ ಮೀಟರು ಕೂರಿಸಿದ ಮನುಷ್ಯ. ಪಂಡಿತರು ಹಳೆಯ ನಂಬಿಕೆಗಳ ಪರವಾಗಿ ಬಾಯಿ ತೆರೆದರೆ ಸಾಕು, ಕಲ್ಲಪ್ಪನವರು ವಿಜ್ಞಾನ ಹಿಡಿದು ಮೇಲೆ ಬೀಳುತ್ತಿದ್ದರು. ಭಾನುವಾರ ಬೆಳಗಾದರೆ ರಾಯರ ಮನೆಯ ಕಟ್ಟೆ, ಅವಲಕ್ಕಿ, ಚಹಾ, ಜಗಳ. ಓಣಿಯವರಿಗೆ ಆ ಗಲಾಟೆ ಕೇಳಿದರೇ ಭಾನುವಾರ ಅನಿಸುತ್ತಿತ್ತು.

ಒಮ್ಮೆ ಪಂಡಿತರು ಒಂದು ಲೇಖನ ಬರೆದರು. ಹಿಂದೆ ಸಿಡುಬಿನ ಚುಚ್ಚುಮದ್ದಿನವರು ಹಳ್ಳಿಗೆ ಬಂದಾಗ ಮೊಮ್ಮಕ್ಕಳನ್ನು ಬಚ್ಚಿಡುತ್ತಿದ್ದ ಅಜ್ಜಿಯರ ಬಗ್ಗೆ. ಅವರನ್ನು ದಡ್ಡರು ಅನ್ನಬೇಡಿ, ಅವರಿಗೂ ಅವರದೇ ಒಂದು ಲೋಕವಿತ್ತು. ಹೇಳದೆ ಕೇಳದೆ ಸೂಜಿ ಹಿಡಿದು ಒಳನುಗ್ಗಿದವರ ಎದುರು ಅವರು ಗಟ್ಟಿಯಾಗಿ ನಿಂತರು ಎಂದು ಬರೆದರು. ಚೆನ್ನಾಗಿಯೇ ಬರೆದರು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಇಲ್ಲ, ಕೈ ತುರಿಸಿತು. "ನನ್ನ ಗೆಳೆಯನೊಬ್ಬನಿದ್ದಾನೆ, ಬಿಟ್ಟರೆ ತಾಯಿಯ ಮಡಿಲಿಗೂ ನೀರಿನ ಮೀಟರು ಕೂರಿಸಿಯಾನು" ಎಂದೊಂದು ಸಾಲು ಸೇರಿಸಿದರು. ಹೆಸರು ಹಾಕಲಿಲ್ಲ. ಆದರೆ ಆ ಊರಲ್ಲಿ ನೀರಿನ ಮೀಟರು ಎಂದರೆ ಇನ್ಯಾರು? ಊರೆಲ್ಲ ನಕ್ಕಿತು.

ಆ ಭಾನುವಾರ ಕಲ್ಲಪ್ಪನವರು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋದರು. ಪಂಡಿತರು ಏನು ಮಾಡಿದರು ಗೊತ್ತೇ? ಗೆಳೆಯನ ಸಿಟ್ಟಿಗೆ ಮನಃಶಾಸ್ತ್ರದಲ್ಲಿ ಒಂದು ಹೆಸರು ಹುಡುಕಿದರು! ಇದು ಅಹಂಕಾರಕ್ಕೆ ಬಿದ್ದ ಪೆಟ್ಟು, ತಾನಾಗಿ ಇಳಿಯುತ್ತದೆ ಎಂದುಕೊಂಡರು. ಹೆಸರು ಸಿಕ್ಕಿತಲ್ಲ, ಪಂಡಿತರಿಗೆ ಸಮಾಧಾನ. ಆದರೆ ಭಾನುವಾರ ಬಂತೆಂದರೆ ಅವಲಕ್ಕಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಆ ಕಟ್ಟೆಯ ಮೇಲೆ ಒಬ್ಬರೇ ಕೂತಾಗ ಅವರಿಗೆ ನಿಜವಾಗಿ ಭಯವಾಯಿತು. ಈ ವಯಸ್ಸಿನಲ್ಲಿ ಕಲ್ಲಪ್ಪ ಹೋದರೆ ಇನ್ನೊಬ್ಬ ಕಲ್ಲಪ್ಪನನ್ನು ಎಲ್ಲಿಂದ ತರುವುದು?

ಅವರ ಹೆಂಡತಿ ಅಂಬಾಬಾಯಿ ತಟ್ಟೆ ಎತ್ತಲು ಬಂದವರು ಅಲ್ಲೇ ನಿಂತರು.

"ಕಾಲೇಜಿನ ಹುಡುಗರಿಗೆಲ್ಲಾ ಹೂಂ ಅನಿಸ್ರಿ, ಹೂಂ ಅನಿಸ್ರಿ ಅಂತೀರಿ. ಅದನ್ನ ಬರಿಯೋ ಮುಂಚೆ ಕಲ್ಲಪ್ಪಣ್ಣನ ಕಡೆ ಹೂಂ ಅನಿಸಿದ್ರೇನು?"

"ಅಂವಾ ಹೇಳೋದು ನನಗ ಗೊತ್ತಿಲ್ಲೇನ? ಇಷ್ಟು ವರ್ಷ ಕೇಳೇನಿ."

"ಗೊತ್ತಿದ್ರ ಹೋಗಿ ಹೇಳಿ ಬರ್ರಿ ನೋಡೋಣ" ಎಂದು ಆಕೆ ತಟ್ಟೆ ತೆಗೆದುಕೊಂಡು ಒಳಗೆ ಹೋದರು.

ಪಂಡಿತರು ಚಪ್ಪಲಿ ಮೆಟ್ಟಿ ಗೆಳೆಯನ ಮನೆಗೆ ನಡೆದರು. ಕಲ್ಲಪ್ಪನವರು ಹಿತ್ತಲಲ್ಲಿ ಸೋರುವ ನಲ್ಲಿಯೊಂದನ್ನು ಬಿಚ್ಚಿಕೊಂಡು ಕೂತಿದ್ದರು. "ಬಾ" ಎಂದರು. ಕುಂಡ್ರು ಅನ್ನಲಿಲ್ಲ. ಪಂಡಿತರು ನಿಂತೇ ಮಾತು ತೆಗೆದರು.

"ಕಲ್ಲಪ್ಪಾ, ನೀ ಹೇಳೋದು ನನಗ ಬರೋಬರಿ ತಿಳದದ ಏನು ಅಂತ ನೋಡ್ಲಿಕ್ಕೆ ಬಂದೇನಿ. ವಿಜ್ಞಾನ ಒಂದ ಖರೆ, ಬಾಕಿ ಎಲ್ಲಾ ಮೂಢನಂಬಿಕಿ. ಹೌದಲ್ಲೋ?"

"ಅಲ್ಲ."

"ಹಂಗಾದ್ರ, ಆ ಅಜ್ಜಿಗೋಳು ದಡ್ಡರು, ಸರಕಾರದವರು ಶಾಣ್ಯಾರು."

"ಅಲ್ಲೋ ಮಾರಾಯಾ."

ಪಂಡಿತರ ಬಳಿ ಇದ್ದದ್ದು ಅಷ್ಟೇ. ಇಷ್ಟು ವರ್ಷ ಜಗಳವಾಡಿದ್ದು ಯಾರ ಜೊತೆ ಹಾಗಾದರೆ? ಕಲ್ಲಪ್ಪನ ಜೊತೆಯೋ, ತಮ್ಮ ತಲೆಯೊಳಗೆ ತಾವೇ ಮಾಡಿಟ್ಟುಕೊಂಡ ಕಲ್ಲಪ್ಪನ ಜೊತೆಯೋ? ಅವರಿಗೆ ನಾಚಿಕೆಯಾಯಿತು.

"ನನಗ ಗೊತ್ತಿಲ್ಲಪಾ" ಎಂದರು. "ನೀನ ಹೇಳು."

ನೋಡಿ, ಇಡೀ ದೇಶದ ಮನಸ್ಸು ಬಲ್ಲವರ ಬಾಯಲ್ಲಿ "ನನಗೆ ಗೊತ್ತಿಲ್ಲ"! ಕಲ್ಲಪ್ಪನವರು ಕೈಯಲ್ಲಿದ್ದ ನಲ್ಲಿಯನ್ನು ಕೆಳಗಿಟ್ಟರು.

"ನನಗೊಬ್ಬಾಕಿ ತಂಗಿ ಇದ್ಲು, ನೀಲವ್ವ ಅಂತ. ಚುಚ್ಚಾವ್ರು ಬಂದ್ರು ಅಂತ ನಮ್ಮಜ್ಜಿ ಆಕೀನ ಜ್ವಾಳದ ಕಣಜದಾಗ ಕುಂಡ್ರಿಸಿ ಮ್ಯಾಲ ಗೋಣಿಚೀಲ ಹೊಚ್ಚಿದ್ಲು. ನಾ ಸಾಲ್ಯಾಗಿದ್ದೆ. ನನಗ ಅಲ್ಲೇ ಚುಚ್ಚಿದ್ರು. ಆ ಬ್ಯಾಸಗ್ಯಾಗ ಊರಿಗೆ ಸಿಡುಬು ಬಂತು. ನಾ ಉಳದೆ, ಆಕಿ ಉಳೀಲಿಲ್ಲ."

"ಅಜ್ಜಿ?"

"ಅಜ್ಜಿ ಮತ್ತ ಆ ಕಣಜಕ್ಕ ಕೈ ಹಾಕಲಿಲ್ಲ. ಜ್ವಾಳ ಬೇಕಾದ್ರ ನನ್ನ ಕರೀತಿದ್ಲು. ಆಕಿ ದಡ್ಡಿ ಅಲ್ಲೋ ಶ್ರೀಪತಿ. ಆಕಿಯಷ್ಟು ನಮ್ಮ ಮ್ಯಾಲ ಯಾರೂ ಜೀವಾ ಇಟ್ಟಿರಲಿಲ್ಲ. ನೀ ಬರದದ್ದು ಓದಿದಾಗ ನನಗ ಖುಷಿನೂ ಆತು, ನಮ್ಮಜ್ಜಿ ಮಾನಾ ಉಳಿಸಿದಿ ಅಂತ. ಇನ್ನ ನೀಲವ್ವನಂಥಾಕಿ ಒಬ್ಬಾಕಿ ಬರ್ತಾಳ, ಬರ್ತಾಳ ಅಂತ ಓದಿಕೋತ ಹೋದೆ. ಬರಲಿಲ್ಲ. ನನ್ನ ಮೀಟರ ಬಂತು."

ಪಂಡಿತರಿಗೆ ಕಣ್ಣೀರು ಬಂತು. ಒರೆಸಿಕೊಂಡು, ಒಂದೊಂದೇ ಮಾತನ್ನು ತೂಗಿ ಹೇಳಿದರು.

"ಅಜ್ಜೀ ಪ್ರೀತಿ ಖರೆ. ಆಕೀನ್ನ ದಡ್ಡಿ ಅನ್ನಬಾರದು. ಆದ್ರ ಆಕೀನ್ನ ಹೊಗಳಾಂವ ನೀಲವ್ವನ್ನ ಮರೀಬಾರದು. ನೀ ಹೇಳೋದು ಇದ ಏನೋ?"

ಕಲ್ಲಪ್ಪನವರು ಎದ್ದು ಕೈ ಒರೆಸಿಕೊಂಡರು. ಆಮೇಲೆ, "ಹೂಂ" ಎಂದರು. "ಕುಂಡ್ರು. ಚಹಾ ಮಾಡಸ್ತೀನಿ."

ಮುಂದೆ ಪಂಡಿತರು ಇನ್ನೊಂದು ಲೇಖನ ಬರೆದರು. ಕಲ್ಲಪ್ಪನವರನ್ನು ಕೇಳಿಯೇ ಬರೆದರು. ಅದರಲ್ಲಿ ನೀಲವ್ವ ಇದ್ದಳು, ಮೀಟರು ಇರಲಿಲ್ಲ. ಇಬ್ಬರದೂ ಒಂದೇ ಮಾತಾಯಿತೇ? ಎಲ್ಲಿಯದು! ಆ ಲೇಖನದ ಅರ್ಧಕ್ಕೆ ಕಲ್ಲಪ್ಪನವರ ತಕರಾರಿತ್ತು. ಭಾನುವಾರ ಕಟ್ಟೆಯ ಮೇಲೆ ಮತ್ತೆ ಗಲಾಟೆ. ಅಂಬಾಬಾಯಿ ಇಬ್ಬರಿಗೂ ಅವಲಕ್ಕಿ ಕಲಸಿದರು.

ಕಥೆ ಅವರದು. ಈಗ ನಿಮ್ಮದಕ್ಕೆ ಬರೋಣ. ಹಿಂದೆ ಕಂಬಕ್ಕೆ ಒರಗಿ ಕೂತವರೇ, ನಿಮಗೂ ಹೇಳುತ್ತಿದ್ದೇನೆ. ತಮ್ಮನ ಜೊತೆ ಮಾತು ಬಿಟ್ಟಿದ್ದೀರಿ. ಯಾಕೆ ಎಂದರೆ, ಅವನು ದುರಾಸೆಯವನು. ಅದು ಅವನು ಹೇಳಿದ ಮಾತೋ, ನೀವು ಅವನಿಗೆ ಇಟ್ಟ ಹೆಸರೋ? ಸೊಸೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದರೆ, ಅವಳಿಗೆ ಸೊಕ್ಕು ಎನ್ನುತ್ತೀರಿ, ಕೇಳಿದ್ದೀರಾ ಒಮ್ಮೆಯಾದರೂ? ಬೇರೆ ಪಕ್ಷದವನನ್ನು, ಬೇರೆ ದೇವರಿಗೆ ಕೈಮುಗಿಯುವವನನ್ನು ಮೊಬೈಲಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತೀರಿ. ಅವನ ಮನೆಯ ಕಣಜದಲ್ಲಿ ಯಾವ ನೀಲವ್ವ ಕೂತಿದ್ದಾಳೆ, ನಿಮಗೆ ಗೊತ್ತೇ?

ಒಪ್ಪಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಜಗಳವಾಡಿ, ಧಾರಾಳವಾಗಿ ಆಡಿ. ಆದರೆ ಬೈಯುವ ಮೊದಲು, ನೀನು ಹೇಳುವುದು ಇದೇ ಅಲ್ಲವೇ ಎಂದು ಕೇಳಿ. ಅಲ್ಲ ಎಂದರೆ ಮತ್ತೆ ಕೇಳಿ. ಆಗಲೂ ಅಲ್ಲ ಎಂದರೆ, ನನಗೆ ಗೊತ್ತಿಲ್ಲ, ನೀನೇ ಹೇಳು ಅನ್ನಿ. ಕಷ್ಟದ ಮಾತೇ, ನನಗೆ ಗೊತ್ತು. ಈ ಗದ್ದುಗೆಯ ಮೇಲೆ ಕೂತು ಹೇಳುವುದು ಸುಲಭ.

ನಾನು ಹೇಳಿದ್ದಕ್ಕೆಲ್ಲ ನೀವು ಇಲ್ಲಿ ತಲೆ ಆಡಿಸುತ್ತಿದ್ದೀರಿ. ಆ ಹೂಂ ನನಗೆ ಬೇಡ. ಇವತ್ತು ಮನೆಗೆ ಹೋಗಿ, ಯಾರ ಹತ್ತಿರ ಮಾತು ಬಿಟ್ಟಿದ್ದೀರೋ ಅವರ ಬಾಯಿಂದ ಒಂದು ಹೂಂ ಅನ್ನಿಸಿ. ಅವರೇ ನಿಮಗೆ ಕುಂಡ್ರು ಅನ್ನುತ್ತಾರೆ.