ಧೂಳಿನಲ್ಲಿ ಎತ್ತಿದ ಕೈ

ಲಾಸ್ ಏಂಜಲಿಸ್‌ನಲ್ಲಿ ಮೂರು ದಿನದಿಂದ ಬಿಡದೆ ಸುರಿದ ಮಳೆ ಆ ಮಧ್ಯಾಹ್ನ ಗ್ಯಾರೇಜಿನ ತಗಡಿನ ಮೇಲೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ, ಒಳಗಿದ್ದ ಐದಾರು ಜನ ಕೂಗಿಯೇ ಮಾತಾಡಬೇಕಾಗಿತ್ತು. ಮುದುಕ ಲೈಲ್ ಬೆಕ್‌ಸ್ಟ್ರಾಮ್ ಮಾತ್ರ ದನಿ ಎತ್ತುವವನಲ್ಲ. ಕೇಳಬೇಕಾದವರೇ ಹತ್ತಿರ ಬರಬೇಕು. ಮೊಮ್ಮಗಳು ಕೊರಿನ್ ಕಾಫಿಯ ಲೋಟ ಹಿಡಿದು ಅವನ ಕಾಲಬುಡದಲ್ಲಿ ಕೂತಳು. ವೆಲ್ಡಿಂಗ್ ಅವಳ ಕಸುಬು. ತಾತನ ೧೯೩೨ರ ಫೋರ್ಡ್ ಕಾರನ್ನು ಟಾರ್ಪಾಲಿನಡಿಯಿಂದ ಎಳೆದು ತಂದು ಎರಡು ವರ್ಷ ದುಡಿದು ಎಬ್ಬಿಸಿದ್ದಳು. ಮಡ್‌ಗಾರ್ಡಿಲ್ಲ, ಬಾನೆಟ್ಟಿಲ್ಲ, ಟಾಪಿಲ್ಲ. ಡ್ಯಾಶ್‌ಬೋರ್ಡಿಗೆ ತಿರುಪು ಹಾಕಿದ ಕಾರ್ ಪಂದ್ಯದಲ್ಲಿ ಸಿಕ್ಕ ಒಂದು ಹಿತ್ತಾಳೆ ಬಿಲ್ಲೆ, ಅದರ ಮೇಲೆ ‘ಗಂಟೆಗೆ ೧೦೨ ಮೈಲಿ’ ಎಂಬ ಕೆತ್ತನೆ.

“ಮೇ ತಿಂಗಳಲ್ಲಿ ಕೆರೆ ಒಣಗ್ಲಿ ತಾತ, ಆ ಬಯಲಲ್ಲಿ ನೂರಾಹತ್ತು ಹೊಡೀತೀನಿ. ನಿನ್ನ ಬಿಲ್ಲೆ ಕಿತ್ತು ನಂದು ಹಾಕ್ತೀನಿ.”

“ಮೊದ್ಲು ತಳ್ಳದೇನೇ ಸ್ಟಾರ್ಟ್ ಆಗ್ಲಿ ಬಿಡೇ,” ಎಂದ ಅವಳ ಗೆಳೆಯ ಇಗ್ನಾಸಿಯೊ. “ನನ್ನ ಸೊಂಟ ಬಿದ್ದೋಗಿದೆ.”

ಎಲ್ಲರೂ ನಕ್ಕರು. ಮುದುಕ ನಗಲಿಲ್ಲ. ಬಿಲ್ಲೆಯನ್ನೇ ನೋಡುತ್ತಾ ಶುರುಮಾಡಿದ.

“ಈಗ ಇಂಥ ಕಾರ್‌ನ ಹಗ್ಗ ಕಟ್ಟಿ ದೀಪ ಹಾಕಿ ಪ್ರದರ್ಶನಕ್ಕಿಡ್ತಾರೆ, ಮುಟ್ಟಿದ್ರೆ ಬೈತಾರೆ... ಅವತ್ತು ಪೊಲೀಸ್ನೋರು ನಮ್ಮನ್ನ ಕಂಡ್ರೆ ಉಗೀತಿದ್ರು, ಪೇಪರ್ನೋರು ಪುಂಡರು ಅಂತ ಬರೀತಿದ್ರು. ನಾವ್ಯಾರು? ಗುಜರಿ ಅಂಗಡೀಲಿ ತುಕ್ಕು ಹೆಕ್ಕೋ ಹುಡುಗ್ರು. ಮೂವತ್ತೊಂಬತ್ತರಲ್ಲಿ ನಂಗೆ ಹತ್ತೊಂಬತ್ತು. ನಾನೂ ನನ್ನ ಗೆಳೆಯ ಡೆಲ್ಬರ್ಟೂ ಒಟ್ಟಿಗೇ ಎರಡು ಕಾರು ಕಟ್ಟಿದ್ವಿ. ಅವನ ಕಾರಲ್ಲಿ ನನ್ನ ಚಕ್ರ, ನನ್ನ ಕಾರಲ್ಲಿ ಅವನ ಗೇರು, ಯಾವುದು ಯಾರ್ದು ಅಂತ ನಮಗೇ ಗೊತ್ತಿರ್ಲಿಲ್ಲ. ಆದ್ರೆ ಒಳ್ಳೇ ಕಾರ್ಬ್ಯುರೇಟರ್ ಇದ್ದಿದ್ದು ಒಂದೇ, ಅದು ಅವನ್ದು. ಪಂದ್ಯದ ದಿನ ಬೆಳಗ್ಗೆ ಒಣಗಿದ ಮುರಾಕ್ ಕೆರೆ ದಡದಲ್ಲಿ ಅವನೇ ಬಿಚ್ಚಿ ನನ್ನ ಎಂಜಿನ್‌ಗೆ ಕೂರಿಸ್ದ. ‘ನಿಂದು ಓಡ್ಲಿ ಲೈಲ್, ಬಿಲ್ಲೆ ಬರ್ಲಿ. ಮುಂದಿನ್ಸಲ ನಂಗೆ’ ಅಂದ. ನನ್ನ ಸವಕಲು ಕಾರ್ಬ್ಯುರೇಟರ್‌ನ ತಾನು ಹಾಕ್ಕೊಂಡ...

“ಒಂದು ಸಾಲಿಗೆ ಐದು ಕಾರು, ಪಕ್ಕಪಕ್ಕದಲ್ಲಿ. ಬಿಳೀ ನೆಲ, ಹಿಟ್ಟಿನಂಥ ಧೂಳು. ಮುಂದಿರೋನಿಗೆ ದಾರಿ ಕಾಣುತ್ತೆ, ಹಿಂದಿರೋನಿಗೆ ತನ್ನ ಕೈಯೂ ಕಾಣಲ್ಲ. ಅದಕ್ಕೇ ನಮ್ಮಲ್ಲೊಂದು ಕಟ್ಟಳೆ ಇತ್ತು: ದಾರೀಲಿ ಯಾರ ಕಾರಾದ್ರೂ ಕೆಟ್ಟು ನಿಂತಿದ್ದು ಕಂಡೋನು, ಕೊನೇ ಗೆರೆ ದಾಟಿದ ತಕ್ಷಣ, ಉಸಿರೆಳ್ಕೊಳ್ಳೋಕೂ ಮುಂಚೆ ಓಟಕ್ಕೆ ಸನ್ನೆ ಕೊಡೋ ಬಾವುಟದವನಿಗೆ ಹೇಳ್ಬೇಕು. ಆಮೇಲೇ ಮುಂದಿನ ಸಾಲು ಬಿಡೋದು.

“ಡೆಲ್ಬರ್ಟ್ ಮೊದ್ಲು ಮುಂದಿದ್ದ. ಅರ್ಧ ದಾರೀಲಿ ಅವನ ಎಂಜಿನ್ ಕೆಮ್ಮಿತು... ನನ್ನ ಕಾರ್ಬ್ಯುರೇಟರ್ ಅಲ್ವಾ, ಕೆಮ್ಮದೆ ಇರುತ್ತಾ? ನಾನು ಪಕ್ಕದಲ್ಲೇ ಹಾದುಹೋದೆ. ಅವನು ಸೀಟಿನ ಮೇಲೆ ಎದ್ದು ನಿಂತು ಕೈ ಎತ್ತಿದ್ದ. ಕಂಡೆ. ಚೆನ್ನಾಗೇ ಕಂಡೆ. ಗೆರೆ ದಾಟ್ದೆ. ಆ ಕಡೆ ಬಾವುಟದವನು, ಈ ಕಡೆ ಬಿಲ್ಲೆ ಕೆತ್ತೋ ಮೇಜು. ನಾನು ಯಾವ ಕಡೆ ಹೋಗಿರ್ಬಹುದು, ಹೇಳಿ?”

ಕೇಳಿದವನೇ ಡ್ಯಾಶ್‌ಬೋರ್ಡಿನ ಬಿಲ್ಲೆಯತ್ತ ಬೆರಳು ತೋರಿಸಿದ.

“ಒಂದೇ ನಿಮಿಷ ಅಂದ್ಕೊಂಡೆ. ‘ಇನ್ನೊಂದ್ಸಲ ಹೇಳು, ಎಷ್ಟು?’ ಅಂತ ಮೇಜಿನವನ್ನ ಮೂರು ಸಲ ಕೇಳ್ದೆ, ಕಿವಿಗೆ ಅಷ್ಟು ಇಂಪಾಗಿತ್ತು ಆ ಅಂಕಿ. ಅವನು ಎರಡನೇ ಅಂಕಿ ಕೆತ್ತೋಕೆ ಸುತ್ತಿಗೆ ಎತ್ತಿದಾಗ ಹಿಂದೆ ಐದು ಎಂಜಿನ್ ಒಟ್ಟಿಗೆ ಗುಡುಗಿದ್ದು ಕೇಳಿಸ್ತು... ಮುಂದಿನ ಸಾಲು ಬಿಟ್ಟಿದ್ರು. ಓಡ್ದೆ, ಕೂಗ್ದೆ. ಧೂಳು ಕೇಳುತ್ತಾ?

“ಇಪ್ಪತ್ತು ನಿಮಿಷ ಆಯ್ತು ಧೂಳು ಇಳಿಯೋಕೆ. ಮಣ್ಣು ಮಾಡೋ ದಿನ ಡೆಲ್ಬರ್ಟ್‌ನ ಅಮ್ಮ ನನ್ನ ಕೈ ಹಿಡ್ಕೊಂಡು, ‘ನೀನಾದ್ರೂ ಗೆದ್ಯಲ್ಲಪ್ಪಾ’ ಅಂದ್ಳು. ನಾನು ಬಾಯಿ ಬಿಡ್ಲಿಲ್ಲ. ಇವತ್ತಿನವರೆಗೂ ಯಾರ ಮುಂದೂ ಬಿಟ್ಟಿಲ್ಲ.

“ಆಮೇಲೆ ಮೂರು ಸಲ ಈ ಕಾರಲ್ಲಿ ನೂರು ದಾಟೋಕೆ ನೋಡ್ದೆ. ಮೂರು ಸಲಾನೂ ಎದುರಿಗೆ ಅವನು ನಿಂತಿದ್ದ, ಕೈ ಎತ್ಕೊಂಡು, ಹುಬ್ಬಿನವರೆಗೂ ಬಿಳೀ ಧೂಳು. ಬಿಲ್ಲೆ ಕಿತ್ತು ಬಿಸಾಡೋಣ ಅಂದ್ರೆ... ಅವನು ಸತ್ತಿದ್ದು ಅದಕ್ಕೇ ಅಲ್ವಾ, ಹೇಗೆ ಬಿಸಾಡ್ಲಿ? ನಿಮ್ಮಪ್ಪ ಒಂದ್ಸಲ ನನ್ನ ಮಾತು ಮೀರಿ ತಗೊಂಡೋದ, ಕೊರಿನ್. ವಾಪಸ್ ಬಂದು ಕೀ ಮೇಜಿನ ಮೇಲಿಟ್ಟ. ಮತ್ತೆ ಸ್ಟೀರಿಂಗ್ ಮುಟ್ಲಿಲ್ಲ. ಏನು ಕಂಡ್ಯೋ ಅಂತ ನಾನೂ ಕೇಳ್ಲಿಲ್ಲ.”

ಕೊರಿನ್‌ಳ ಕೈಯಲ್ಲಿ ಕಾಫಿ ತಣ್ಣಗಾಗಿತ್ತು.

“ಸೋಮವಾರ, ಮಳೆ ಹಿಡಿಯೋಕೆ ಮುಂಚೆ, ಆ ಖಾಲಿ ರಸ್ತೇಲಿ ಓಡಿಸ್ ನೋಡಿದ್ಯಲ್ಲ ಪುಟ್ಟಿ... ಯಾರಾದ್ರೂ ಕೈ ಎತ್ತಿದ್ರಾ?”

ಅವಳು ಇಗ್ನಾಸಿಯೊನ ಕಡೆ ನೋಡಿದಳು. ಅವನಿಗೂ ಅದನ್ನು ಹೇಳಿರಲಿಲ್ಲ. “ಯಾರೋ ಲಿಫ್ಟ್ ಕೇಳೋನು ಅಂದ್ಕೊಂಡೆ ತಾತ,” ಎಂದಳು. “ಮೈಯೆಲ್ಲಾ ಸುಣ್ಣ ಬಳ್ಕೊಂಡೋನ ಥರ ಇದ್ದ.”

“ನಿಲ್ಲಿಸ್ದ್ಯಾ?”

“...ಇಲ್ಲ.”

ಮುದುಕ ತಲೆಯಾಡಿಸಿದ. ಎದ್ದು, ಕಾರಿನ ಹತ್ತಿರ ಹೋಗಿ, ಡ್ರೈವರ್ ಪಕ್ಕದ ಸೀಟಿನ ಮೇಲೆ ಬೆರಳೆಳೆದ. ಮಳೆಯ ತೇವಕ್ಕೆ ಗ್ಯಾರೇಜಿನ ಗೋಡೆಗಳೇ ಬೆವರುತ್ತಿದ್ದವು. ಅವನ ಬೆರಳ ತುದಿಗೆ ಹತ್ತಿದ್ದು ಮಾತ್ರ ಒಣ, ಬಿಳಿ, ಹಿಟ್ಟಿನಂಥ ಧೂಳು.

“ದಿನಾ ಬೆಳಗ್ಗೆ ಒರೆಸ್ತೀನಿ,” ಎಂದ. “ನಾನು ಅವತ್ತು ನಿಲ್ಲಿಸ್ಲಿಲ್ಲ ನೋಡು. ಅವತ್ತಿಂದ, ನಿಲ್ಲಿಸ್ಲಿ ಅಂತ ಅವನು ಯಾರಿಗೂ ಕಾಯಲ್ಲ, ತಾನೇ ಹತ್ತಿ ಕೂರ್ತಾನೆ. ಕೆರೆಗೆ ಹೋಗ್ತೀಯಾ, ಹೋಗು ಪುಟ್ಟಿ. ಒಬ್ಬಳೇ ಹೋಗ್ತಿದ್ದೀನಿ ಅಂತ ಮಾತ್ರ ಅಂದ್ಕೋಬೇಡ.”