ಬಸಲಿಂಗನ ಅವಸರಪ್ಪ

ಪೀಣ್ಯದ ನನ್ನ ಕಾರ್ಮಿಕ ಬಂಧುಗಳೇ, ನಮ್ಮನ್ನು ಅಗಲಿದ ಬಸಲಿಂಗನ ಪತ್ನಿ ದಾನೇಶ್ವರಿಯವರೇ, ಊರಿನಿಂದ ಬಂದಿರುವ ಅವನ ಅಣ್ಣನವರೇ — ಎಲ್ಲರಿಗೂ ಈ ನರಸಿಂಹಯ್ಯನ ನಮಸ್ಕಾರ. ಹನ್ನೊಂದು ವರ್ಷ ಅವನ ಪಕ್ಕದಲ್ಲೇ, ತಗಡು ಒತ್ತುವ ಪ್ರೆಸ್ಸಿನಲ್ಲಿ ದುಡಿದವನು ನಾನು.

ಪ್ರತಿ ಸೋಮವಾರ ನೋಟಿಸ್ ಬೋರ್ಡಿನಲ್ಲಿ, ಅಪಘಾತ ತಪ್ಪಿಸಲೆಂದು ಬಸಲಿಂಗ ಬರೆಯುತ್ತಿದ್ದ ನಾಲ್ಕು ಚೌಕದ ತಮಾಷೆ ಚಿತ್ರ. ಅದರ ನಾಯಕ ಅವಸರಪ್ಪ — ಹೆಲ್ಮೆಟ್ಟಿನಲ್ಲಿ ಬೋಂಡಾ ಕಟ್ಟಿಸಿಕೊಂಡು ಬರುವವನು! ಬಿದ್ದು ಬಿದ್ದು ನಗುತ್ತಿದ್ದೆವು. "ಜನ ನಗದೇ ಹೋದ್ರೆ ನಿಲ್ಲಿಸ್ಬಿಡೋಣ ಕಣಯ್ಯ" ಎಂದರು ಒಮ್ಮೆ ಪರ್ಸನಲ್ ಆಫೀಸರ್. ಬಸಲಿಂಗ ತಲೆಯಾಡಿಸಿದ. "ನಗಲಿಲ್ಲಂದ್ರ ಸೋತಂಗ ಅಲ್ರೀ ಸಾಹೇಬ್ರ. ಒಬ್ಬಾವನ ಬೆರಳ ಹೋತಂದ್ರ ನನ್ನ ಚಿತ್ರಾ ಸೋತಂಗ."

ಆ ಮಾತೇ ಅವನನ್ನು ತಿಂದಿತು.

ಹೋದ ವರ್ಷದ ಆ ಚಿತ್ರ — ನೆನಪಿದೆಯಲ್ಲ? ಪ್ರೆಸ್ ಇಳಿಯಬೇಕಾದರೆ ಎರಡೂ ಕೈಯಿಂದ ಎರಡು ಬಟನ್ ಒತ್ತಬೇಕು. ಒಂದು ಕೈ ಬಿಡುವಾದರೆ ಕೆಲಸ ಬೇಗ ಸಾಗುತ್ತದೆಂದು ಅವಸರಪ್ಪ ಒಂದು ಬಟನ್ನಿಗೆ — ಹೀಗೆ — ಮರದ ಚೂರು ಸಿಕ್ಕಿಸಿದ. ಕೊನೆಯ ಚೌಕದಲ್ಲಿ ಗುಜರಿ ಡಬ್ಬಿಯೊಳಗೆ ತನ್ನ ಬೆರಳು ಹುಡುಕುತ್ತಿದ್ದ. ಅದೇ ವಾರದ ಗುರುವಾರ, ಎರಡನೇ ಶೆಡ್ಡಿನ ಹಣಮಂತ ಹಾಗೆಯೇ ಚೂರು ಸಿಕ್ಕಿಸಿ ಕೆಲಸ ಮಾಡುತ್ತಿದ್ದಾಗ ಅವನ ಎರಡು ಬೆರಳು ಹೋದವು.

ಅಪಘಾತದ ವರದಿಯಲ್ಲಿ ಆಫೀಸಿನವರು ಬರೆದರು — "ಬೋರ್ಡಿನ ಚಿತ್ರ ನೋಡಿ ಕಲಿತಿದ್ದಾನೆ." ಸಾಕ್ಷಿಯ ಸಹಿ ನನ್ನದು.

ಸ್ವಲ್ಪ ತಡೆಯಿರಿ... ಹೇಳುತ್ತೇನೆ.

ಕಲಿಸಿದ್ದು ನಾನು. ಚಿತ್ರ ಬರುವುದಕ್ಕೆ ಎರಡು ತಿಂಗಳು ಮೊದಲು. ನಾನೇ. ಹಣಮಂತನಿಗೆ ಕೆಲಸ ಹೇಳಿಕೊಡಲು ನನ್ನನ್ನು ಆ ಶೆಡ್ಡಿಗೆ ಹಾಕಿದ್ದರು. ಟಾರ್ಗೆಟ್ ಮುಟ್ಟದೆ ಒದ್ದಾಡುತ್ತಿದ್ದ. "ಹಿಂಗ್ ಮಾಡೋ, ಏನಾಗಲ್ಲ" ಅಂದುಬಿಟ್ಟೆ.

ವರದಿ ಓದಿದ ದಿನ ಬಸಲಿಂಗ ಇದ್ದಬದ್ದ ಚಿತ್ರಗಳನ್ನೆಲ್ಲ ಹರಿದು ಹಾಕಿದ. ಮತ್ತೆ ಪೆನ್ಸಿಲ್ ಮುಟ್ಟಲಿಲ್ಲ. ಹಣಮಂತನನ್ನೇ ಕೇಳೋಣವೆಂದರೆ ಅವನು ಊರು ಸೇರಿದ್ದ, ವಿಳಾಸ ಸಿಗಲಿಲ್ಲ. ಕಳೆದ ತಿಂಗಳು ಇದೇ ಕ್ಯಾಂಟೀನಿನಲ್ಲಿ, ತಟ್ಟೆ ಪಕ್ಕಕ್ಕೆ ಸರಿಸಿ, ನನ್ನ ಕೈ ಹಿಡಿದುಕೊಂಡ. "ಅಣ್ಣಾ, ಖರೇ ಹೇಳು. ನನ್ನ ಚಿತ್ರಾ ನೋಡೇ ಹಂಗ ಮಾಡಿದ್ನೇನು ಅಂವಾ?"

ನಾನು ಏನೆಂದೆ ಗೊತ್ತೇ?

"ಇರಬೌದು ಬಿಡಯ್ಯ. ಊಟ ಮಾಡು."

ಅವನು ಊಟ ಮಾಡಲಿಲ್ಲ. ಹದಿನೈದು ದಿನಕ್ಕೆ ದಾಸರಹಳ್ಳಿ ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟಲಿಲ್ಲ.

ಕೆಲಸ ಹೋಗುತ್ತದೆಂದು ಹೆದರಿದ್ದೆ, ದಾನೇಶ್ವರಿ ತಾಯಿ. ಅಷ್ಟೇ. ಅವನ ಚಿತ್ರ ಯಾರ ಬೆರಳನ್ನೂ ತೆಗೆಯಲಿಲ್ಲ. ಇದನ್ನು ಅವನ ಕಿವಿಗೆ ಹೇಳಬೇಕಿತ್ತು. ಈಗ ಯಾರ ಕಿವಿಗೆ ಹೇಳಲಿ? ಕಲಿಸಿದ್ದು ನಾನೆಂದು ನಾಳೆ ಆಫೀಸಿಗೆ ಹೋಗಿ ಬರೆದುಕೊಡುತ್ತೇನೆ. ಆದರೆ ಅವನು ಓದುವುದಿಲ್ಲವಲ್ಲ!

ನನ್ನನ್ನು ಬೈಯುವವರು ಆಮೇಲೆ ಬೈಯಿರಿ. ಈಗ ಬಸಲಿಂಗನಿಗಾಗಿ ಎಲ್ಲರೂ ಎದ್ದು, ಒಂದು ನಿಮಿಷ ಮಾತು ನಿಲ್ಲಿಸೋಣ. ದಾನೇಶ್ವರಿಯವರೇ, ನೀವು ಕೂತಿರಿ. ನಾವು ನಿಲ್ಲುತ್ತೇವೆ.